ಮೇ ಮುಗಿದ್ರೆ ಮನೆಗೆ: ಬೆಟ್ಟ ಕಾಯೋರ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ ಬೇಸಿಗೆ ಟ್ರೆಕ್ಕಿಂಗ್ ಬಗ್ಗೆ ಬರೀತಾ, ಗೇಟಲ್ಲಿ ನಿಮ್ಮ ಬ್ಯಾಗ್ ನೋಡೋ ಹುಡುಗ ನಾಲ್ಕೈದು ತಿಂಗಳ ಕೆಲಸದವನು, ಅವನಿಗೊಂದು ನಮಸ್ಕಾರ ಹೇಳಿ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ಕೆಲವರು ಹೊಗಳಿದಾರೆ, ಒಬ್ಬರು ಚೆನ್ನಾಗಿ ಉಗಿದಿದಾರೆ, ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೊಸಬರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ನಾನು ಫಾರೆಸ್ಟ್ ಡಿಪಾರ್ಟ್‌ಮೆಂಟಲ್ಲಿ ಫಾರೆಸ್ಟರ್ ಆಗಿ ರಿಟೈರ್ ಆದವನು, ಸರ್ವೀಸಿನ ಮುಕ್ಕಾಲು ಪಾಲು ಘಟ್ಟದ ಮೇಲೆ, ಈಗ ನಾಗರಭಾವಿಯ ಮೂರನೇ ಮಹಡೀಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕೋದೇ ಕೆಲಸ.

ಪ್ರಶ್ನೆ: ಸರ್, ಜನವರಿಯಲ್ಲಿ ಆಫೀಸ್ ಗ್ಯಾಂಗ್ ಜೊತೆ ಕುದುರೆಮುಖಕ್ಕೆ ಹೋಗಿದ್ವಿ. ಗೇಟಲ್ಲಿ ಒಬ್ಬರು ನಮ್ಮ ಬಾಟ್ಲು, ಚಿಪ್ಸ್ ಪ್ಯಾಕೆಟ್ ಎಲ್ಲಾ ಎಣಿಸಿ ಬರ್ಕೊಂಡ್ರು. ಪರ್ಮನೆಂಟಾ ಅಂತ ಕೇಳಿದ್ದಕ್ಕೆ "ಇಲ್ಲ ಸರ್, ಮೇ ಮುಗಿದ್ರೆ ಮನೆಗೆ" ಅಂತ ನಕ್ಕರು. ಇವರು ಯಾರು? ಬರೀ ಬಾಟ್ಲು ಎಣಿಸೋಕೆ ಇಟ್ಕೋತಾರಾ?
(ವಿಜಯನಗರದ ಓದುಗರು)

ಉತ್ತರ: ಬಾಟ್ಲು ಎಣಿಸೋದು ಶನಿವಾರ ಭಾನುವಾರದ ಡ್ಯೂಟಿ ಸ್ವಾಮಿ. ಅವರ ನಿಜವಾದ ಹೆಸರು ಫೈರ್ ವಾಚರ್, ಬೆಂಕಿ ಕಾವಲಿನವರು. ಕುದುರೆಮುಖ ನ್ಯಾಷನಲ್ ಪಾರ್ಕ್ 1987ರಲ್ಲಿ ಆಗಿದ್ದು, ಸುಮಾರು 600 ಚದರ ಕಿಲೋಮೀಟರ್ ಇದೆ. ಅಷ್ಟಕ್ಕೂ ಇರೋ ಪರ್ಮನೆಂಟ್ ಗಾರ್ಡ್‌ಗಳು ಒಂದೊಂದು ಬೀಟ್, ಅಂದ್ರೆ ಒಬ್ಬ ಗಾರ್ಡ್ ಪಾಲಿನ ಕಾಡು, ಸುತ್ತಿ ಬರೋಷ್ಟರಲ್ಲಿ ಹೊತ್ತು ಮುಳುಗತ್ತೆ, ಅದೂ ಹುಲ್ಲು ಒಣಗಿ ನಿಂತಿರೋ ಕಾಲದಲ್ಲಿ ಒಂದು ಬೀಡಿ ತುಂಡು ಸಾಕು ಇಡೀ ಗುಡ್ಡ ಕರಕಲಾಗೋಕೆ. ಹಾಗಾಗಿ ಚಳಿಗಾಲ ಮುಗಿಯೋ ಹೊತ್ತಿಗೆ ಸುತ್ತಲಿನ ಊರುಗಳಿಂದ ಜನ ತಗೋತಾರೆ, ಮಳೆ ಹಿಡಿದ ಮೇಲೆ ಬಿಡ್ತಾರೆ.

ಮೊದಲ ಕೆಲಸ ಫೈರ್‌ಲೈನ್. ಗುಡ್ಡದ ಏಣಿನ ಮೇಲೆ, ರಸ್ತೆ ಪಕ್ಕ, ಊರು ಮತ್ತು ಕಾಡಿನ ಗಡಿಯಲ್ಲಿ ಅಗಲವಾಗಿ ಹುಲ್ಲು ಸವರಿ, ಒಣಗೋಕೆ ಬಿಟ್ಟು, ಆಮೇಲೆ ನಾವೇ ಸುಟ್ಟು ಒಂದು ಬೋಳು ಗೆರೆ ಮಾಡ್ತೀವಿ, ಆಚೆಯಿಂದ ಬೆಂಕಿ ಬಂದ್ರೆ ಆ ಗೆರೆ ಹತ್ರ ತಿನ್ನೋಕೆ ಏನೂ ಸಿಗದೆ ನಿಲ್ಲಬೇಕು ಅಂತ. ಇದನ್ನ ಸುಡೋದು ಬೆಳಗ್ಗೆ ಮಾತ್ರ, ಇಬ್ಬನಿ ಇನ್ನೂ ಹುಲ್ಲಿನ ಬುಡದಲ್ಲಿ ಇರೋವಾಗ. ಒಬ್ಬ ಹಚ್ಕೊಂಡು ಹೋಗ್ತಾನೆ, ಹಿಂದೆ ನಾಲ್ಕು ಜನ ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಅಂಚು ನಂದಿಸ್ತಾ ಬರ್ತಾರೆ. ಬಿಸಿಲೇರಿತು ಅಂದ್ರೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸೋಕೆ ಶುರು, ಆಗ ಕಡ್ಡಿ ಗೀರೋ ಹಾಗೇ ಇಲ್ಲ.

ಆಮೇಲೆ ಎರಡು ಮೂರು ತಿಂಗಳು ಕಾಯೋದು. ಎತ್ತರದ ಒಂದು ಬಂಡೆ ಮೇಲೆ ಕೂತು ನಾಲ್ಕೂ ದಿಕ್ಕು ನೋಡ್ತಾ ಇರೋದು ಅಂದ್ರೆ ನಿಮಗೆ ಪಿಕ್‌ನಿಕ್ ಥರ ಅನ್ಸತ್ತೆ, ಆದ್ರೆ ಮಾರ್ಚ್ ಬಿಸಿಲಲ್ಲಿ ಒಂದು ಮರ ಇಲ್ಲದ ಗುಡ್ಡದ ಮೇಲೆ ಒಂದು ದಿನ ಕೂತು ನೋಡಿ, ಸಂಜೆ ಹೊತ್ತಿಗೆ ದೂಳೆಲ್ಲ ಹೊಗೆ ಥರ, ಹೊಗೆ ಎಲ್ಲ ಮಂಜಿನ ಥರ ಕಾಣತ್ತೆ. ಅದರಲ್ಲಿ ಯಾವುದು ಯಾವುದು ಅಂತ ಹೇಳೋದೇ ವಿದ್ಯೆ.

ಬೆಂಕಿ ಬಿದ್ದಾಗ ಬಡಿಯೋದಕ್ಕೂ ಒಂದು ಕ್ರಮ ಇದೆ, ಇದನ್ನ ಯಾವ ಟ್ರೈನಿಂಗ್‌ನಲ್ಲೂ ನಂಗೆ ಯಾರೂ ಹೇಳ್ಕೊಡ್ಲಿಲ್ಲ, ವಾಚರ್‌ಗಳೇ ಕಲಿಸಿದ್ದು. ಎಲೆ ದಟ್ಟವಾಗಿರೋ ಹಸಿ ಕೊಂಬೆ ಮುರೀಬೇಕು, ನೀಲಗಿರಿ ಸೊಪ್ಪು ಮುಟ್ಟಬಾರದು, ಅದರಲ್ಲಿ ಎಣ್ಣೆ, ಕೈಯಲ್ಲೇ ಹೊತ್ಕೊಳ್ಳತ್ತೆ. ಹೊಸಬರು ದೊಣ್ಣೆ ಎತ್ತಿದ ಹಾಗೆ ತಲೆ ಮೇಲಿಂದ ಬೀಸಿ ಹೊಡೀತಾರೆ, ಕಿಡಿ ಹಾರಿ ಹಿಂದುಗಡೆ ಇನ್ನೊಂದು ಬೆಂಕಿ. ತಿಳಿದವನು ಕೊಂಬೇನ ಜ್ವಾಲೆ ಮೇಲೆ ಒತ್ತಿ, ಸುಟ್ಟ ಜಾಗದ ಕಡೆಗೆ ಎಳೀತಾನೆ, ನೆಲ ಒರೆಸಿದ ಹಾಗೆ. ಮತ್ತೆ ಬೆಂಕಿಗಿಂತ ಮೇಲ್ಗಡೆ ಯಾವತ್ತೂ ನಿಲ್ಲಬಾರದು, ಇಳಿಜಾರಲ್ಲಿ ಬೆಂಕಿ ಮೇಲಕ್ಕೆ ಓಡೋ ಸ್ಪೀಡಿಗೆ ಮನುಷ್ಯ ಓಡೋಕಾಗಲ್ಲ.

ಪ್ರಶ್ನೆ: ಬೇಸಿಗೇಲಿ ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ತಾನಾಗೇ ಬೆಂಕಿ ಬೀಳತ್ತೆ ಅಂತ ಚಿಕ್ಕಂದಿನಿಂದ ಕೇಳಿದೀವಿ. ಪ್ರಕೃತಿ ಸಹಜವಾಗಿ ಆಗೋದನ್ನ ಜನ ಇಟ್ಟು ತಡೆಯೋದು ಯಾಕೆ?
(ಜಯನಗರದ ಓದುಗರು)

ಉತ್ತರ: ಅಮ್ಮಾ, ಈ ಬಿದಿರಿನ ಕಥೆ ನಮ್ಮಜ್ಜೀನೂ ಹೇಳ್ತಿದ್ರು. ಮೂವತ್ತು ವರ್ಷದಲ್ಲಿ ಬಿದಿರು ಉಜ್ಜಿ ಹೊತ್ಕೊಂಡಿದ್ದನ್ನ ನಾನು ಒಂದ್ಸಲಾನೂ ನೋಡ್ಲಿಲ್ಲ, ನೋಡಿದೀನಿ ಅಂದೋರೂ ಸಿಗಲಿಲ್ಲ. ಹೆಚ್ಚೂಕಮ್ಮಿ ಎಲ್ಲಾ ಬೆಂಕಿಯ ಬುಡದಲ್ಲೂ ಒಬ್ಬ ಮನುಷ್ಯ ಇರ್ತಾನೆ. ದನಕ್ಕೆ ಹೊಸ ಚಿಗುರು ಬರ್ಲಿ ಅಂತ ಹಚ್ಚೋನು, ಜೇನು ಕೀಳೋಕೆ ಹೊಗೆ ಹಾಕಿ ಬಿಟ್ಟು ಬಂದೋನು, ಉದುರಿದ ಕಾಯಿ ಕಾಣ್ಲಿ ಅಂತ ತರಗು ಸುಟ್ಟೋನು, ಗಾರ್ಡ್ ಮೇಲಿನ ಸಿಟ್ಟಿಗೆ ಗೀರಿದೋನು, ಮತ್ತೆ ನಮ್ಮ ಬೆಂಗಳೂರಿಂದ ಹೋಗಿ ಕ್ಯಾಂಪ್‌ಫೈರ್ ಹಾಕಿ ರೀಲ್ ಮಾಡೋನು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ಹೊಗೆ ಟೀವೀಲಿ ನೀವೂ ನೋಡಿರ್ತೀರ, ಸಾವಿರಾರು ಎಕರೆ ಹೋಯ್ತು.

ಆದ್ರೆ ನಿಮ್ಮ ಪ್ರಶ್ನೇಲಿ ಒಂದು ಅಂಶ ಸರಿ ಇದೆ, ಅದನ್ನ ಒಪ್ಕೋಬೇಕು. ಎಲ್ಲಾ ಬೆಂಕೀನೂ ಒಂದೇ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಅಂತ ಹಾಕ್ತಿದ್ರು, ವರ್ಷದ ಮೊದಮೊದಲಲ್ಲಿ, ಎಲೆ ಇನ್ನೂ ಅರ್ಧಂಬರ್ಧ ಒಣಗಿರೋವಾಗ, ನೆಲಮಟ್ಟಕ್ಕೆ ಸುಮ್ನೆ ಸರಿದು ಹೋಗೋ ಬೆಂಕಿ. ಅದನ್ನ ನಾವು ಕಾನೂನು ಅಂತ ನಿಲ್ಲಿಸಿದ್ವಿ, ಆಮೇಲೆ ಲಂಟಾನ ಅನ್ನೋ ಕಳೆ ಪೊದೆ ಆಳೆತ್ತರ ಬೆಳೀತು, ಈಗ ಅದಕ್ಕೆ ಬೆಂಕಿ ಬಿದ್ರೆ ಮರದ ನೆತ್ತಿಗೇ ಏರತ್ತೆ. ಸೋಲಿಗರು ಇದನ್ನ ಎಷ್ಟೋ ವರ್ಷದಿಂದ ಹೇಳ್ತಾನೇ ಇದಾರೆ, ನಮ್ಮ ಇಲಾಖೆಯೋರಿಗೆ ಕಿವಿ ಕೇಳೋದು ನಿಧಾನ, ನಂದೂ ಸೇರ್ಸಿ.

ಘಟ್ಟದ ಮೇಲಿನ ಗುಡ್ಡದಲ್ಲಿ ಲೆಕ್ಕ ಬೇರೆ. ಅಲ್ಲಿ ಹುಲ್ಲುಗಾವಲು, ಮಧ್ಯೆ ಮಡಿಲಲ್ಲಿ ಮಡಚಿಟ್ಟ ಹಾಗೆ ಶೋಲಾ ಕಾಡು, ಅಂದ್ರೆ ಕಣಿವೆಗಳಲ್ಲಿ ಬೆಳೆಯೋ ನಿತ್ಯಹಸಿರು ಕಾಡು. ಹುಲ್ಲು ಸುಟ್ರೂ ಬುಡದಿಂದ ಬರತ್ತೆ. ಶೋಲಾ ಮರಕ್ಕೆ ಬೆಂಕಿ ತಡ್ಕೊಳ್ಳೋ ತೊಗಟೆ ಇಲ್ಲ, ಅಂಚಿಂದ ಒಂದೊಂದೇ ಸಾಲು ಸಾಯ್ತಾ ವರ್ಷ ವರ್ಷ ಕಾಡು ಕುಗ್ಗತ್ತೆ. ಆ ಹುಲ್ಲು, ಆ ಶೋಲಾ ಎರಡೂ ಸೇರಿ ಮಳೆ ನೀರನ್ನ ಹಿಡಿದಿಟ್ಟು ಬೇಸಿಗೇವರೆಗೂ ಸ್ವಲ್ಪ ಸ್ವಲ್ಪ ಬಿಡತ್ತೆ. ಮೂಡಿಗೆರೆ ಕಡೆ ಬೆಟ್ಟದಲ್ಲಿ ಹುಟ್ಟೋ ಹೇಮಾವತಿ ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿ ಸೇರ್ತಾಳೆ, ಅಲ್ಲಿಂದ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್, ಅಲ್ಲಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ನಿಮ್ಮ ಜಯನಗರದ ಸಂಪು. ನೀವು ಬೆಳಗ್ಗೆ ಕಾಫಿಗೆ ಇಟ್ಟ ನೀರಲ್ಲಿ ಆ ಗುಡ್ಡದ ಪಾಲೂ ಇದೆ.

ಪ್ರಶ್ನೆ: ಸ್ಯಾಟಲೈಟ್ ಇದೆ, ಡ್ರೋನ್ ಇದೆ, ಇನ್ನೂ ಬಂಡೆ ಮೇಲೆ ಮನುಷ್ಯನ್ನ ಕೂರಿಸ್ತೀವಲ್ಲ, ಇದು 2000ಕ್ಕಿಂತ ಹಿಂದಿನ ಐಡಿಯಾ ಅಲ್ವಾ?
(ಬೆಳ್ಳಂದೂರಿನ ಓದುಗರು, ಸಾಫ್ಟ್‌ವೇರ್ ಅಂತ ಅವರೇ ಬರ್ಕೊಂಡಿದಾರೆ)

ಉತ್ತರ: ಸ್ಯಾಟಲೈಟ್ ಬಳಸ್ತಿದಾರಪ್ಪ, ನಾನು ಬೇಡ ಅನ್ನಲ್ಲ. ಫಾರೆಸ್ಟ್ ಸರ್ವೇ ಆಫ್ ಇಂಡಿಯಾದವರು ಬೆಂಕಿ ಕಂಡ ಜಾಗದ ಅಲರ್ಟ್ ಕಳಿಸ್ತಾರೆ, ಮೊಬೈಲಿಗೇ ಮೆಸೇಜ್ ಬರತ್ತೆ. ಅದರಲ್ಲಿ ವಿಐಐಆರ್‌ಎಸ್ ಅನ್ನೋ ಸೆನ್ಸರ್ ಇರೋ ಉಪಗ್ರಹ ನಮ್ಮ ತಲೆ ಮೇಲೆ ಹೋಗೋದು ಮಧ್ಯಾಹ್ನ ಒಂದೂವರೆ ಆಸುಪಾಸು, ಮತ್ತೆ ರಾತ್ರಿ ಒಂದೂವರೆ ಆಸುಪಾಸು. ಅದರ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 375 ಮೀಟರ್. ಮಧ್ಯಾಹ್ನ ಎರಡೂವರೆಗೆ ಒಬ್ಬ ಬೀಡಿ ಎಸೆದ ಅಂತ ಇಟ್ಕೊಳ್ಳಿ, ಆ ಉಪಗ್ರಹ ಮತ್ತೆ ನೋಡೋ ಹೊತ್ತಿಗೆ ಗುಡ್ಡ ಮುಗಿದು ಪಕ್ಕದ ಗುಡ್ಡಕ್ಕೆ ಹೋಗಿರತ್ತೆ. ಇನ್ನು ಮೆಸೇಜ್ ಬಂತು ಅಂತಾನೇ ಇಟ್ಕೊಳ್ಳಿ, ಆ ಕಣಿವೇಲಿ ಟವರ್ ಸಿಗಬೇಕಲ್ಲ. ನಮ್ಮ ಒಂದು ಕ್ಯಾಂಪಲ್ಲಿ ಸಿಗ್ನಲ್ ಇದ್ದಿದ್ದು ಒಂದು ನೇರಳೆ ಮರದ ಕೆಳಗೆ ಮಾತ್ರ, ಅದೂ ಎರಡು ಹೆಜ್ಜೆ ಆ ಕಡೆ ಈ ಕಡೆ ಆದ್ರೆ ಇಲ್ಲ, ಆ ಮರಕ್ಕೆ ಎಕ್ಸ್‌ಚೇಂಜ್ ಅಂತಾನೇ ಹೆಸರು.

ಕೊನೆಗೆ ಆ ಬೆಂಕಿ ಹತ್ರ ಹೋಗಿ ಸೊಪ್ಪಲ್ಲಿ ಒತ್ತೋಕೆ ಒಬ್ಬ ಬೇಕೇ ಬೇಕು. ಅವನು ಯಾವ ಕಾಲುದಾರೀಲಿ ಹೋದ್ರೆ ಬೇಗ, ಎಲ್ಲಿ ಬಂಡೆ ಅಡ್ಡ ಬರತ್ತೆ, ಎಲ್ಲಿ ನೀರಿನ ಒರತೆ ಇದೆ ಅಂತ ತಿಳಿದವನಾಗಿದ್ರೆ ಬೆಂಕಿ ಗುಡ್ಡದ ಬುಡದಲ್ಲೇ ನಿಲ್ಲತ್ತೆ. ನಿಮ್ಮ ಫೀಲ್ಡಿನ ಭಾಷೇಲಿ ಹೇಳೋದಾದ್ರೆ ಅಲರ್ಟ್ ಬರೋದು ಒಂದು, ಅದನ್ನ ಫಿಕ್ಸ್ ಮಾಡೋನು ಆನ್‌ಕಾಲಲ್ಲಿ ಇರೋದು ಇನ್ನೊಂದು.

ಪ್ರಶ್ನೆ: ನಾವು ಆನ್‌ಲೈನಲ್ಲಿ ದುಡ್ಡು ಕಟ್ಟಿ ಟಿಕೆಟ್ ತಗೊಂಡು ರಾತ್ರಿಯೆಲ್ಲ ಡ್ರೈವ್ ಮಾಡ್ಕೊಂಡು ಹೋದ್ವಿ, ಟ್ರಾಫಿಕ್ಕಲ್ಲಿ ಸಿಕ್ಕಿ ಗೇಟ್ ಹತ್ರ ಹೋಗೋಷ್ಟರಲ್ಲಿ ಹನ್ನೊಂದೂವರೆ. ಒಬ್ಬ ಟೆಂಪರರಿ ಹುಡುಗ ಟೈಮ್ ಮೀರಿದೆ ಅಂತ ವಾಪಸ್ ಕಳಿಸಿದ. ಸಾಹೇಬರಿಗೆ ಫೋನ್ ಮಾಡು ಅಂದ್ರೆ ಸಿಗ್ನಲ್ ಇಲ್ಲ ಅಂದ. ನೀವು ಇಂಥೋರಿಗೆ ನಮಸ್ಕಾರ ಹೇಳಿ ಅಂತೀರ.
(ಮಲ್ಲೇಶ್ವರದ ಓದುಗರು)

ಉತ್ತರ: ಹೌದು, ಇನ್ನೊಂದ್ಸಲ ಹೇಳಿ. ನಿಮ್ಮ ಬೇಜಾರು ಅರ್ಥ ಆಗತ್ತೆ, ನೆಲಮಂಗಲ ದಾಟೋಕೇ ಒಂದು ಗಂಟೆ ಆಗಿರತ್ತೆ, ಆದ್ರೂ ಆ ಹುಡುಗ ಮಾಡಿದ್ದು ಸರಿ. ಹನ್ನೊಂದೂವರೆಗೆ ಹತ್ತೋಕೆ ಶುರು ಮಾಡಿದ್ರೆ ಇಳಿಯೋದು ಕತ್ತಲಲ್ಲಿ, ಅಲ್ಲಿ ಮಂಜು ಕವಿದ್ರೆ ಮುಂದೆ ಹೋಗ್ತಿರೋನ ಬೆನ್ನೂ ಕಾಣಲ್ಲ. ನೀವು ದಾರಿ ತಪ್ಪಿದ್ರೆ ರಾತ್ರಿ ಟಾರ್ಚ್ ಹಿಡ್ಕೊಂಡು ಹುಡುಕೋಕೆ ಬರೋದು ಸಾಹೇಬ್ರಲ್ಲ, ಅದೇ ಟೆಂಪರರಿ ಹುಡುಗ, ಓವರ್‌ಟೈಮ್ ಅನ್ನೋ ಪದಾನೇ ಅವನ ಲೆಕ್ಕದಲ್ಲಿ ಇಲ್ಲ.

2024ರ ಜನವರಿ ನೆನಪಿದೆಯಾ? ಲಾಂಗ್ ವೀಕೆಂಡಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಕ್ಯೂ ನಿಂತಿದ್ದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಪುಷ್ಪಗಿರಿ ಅಭಯಾರಣ್ಯ ಇರೋದೇ ನೂರು ಚದರ ಕಿಲೋಮೀಟರ್ ಆಸುಪಾಸು, ಅದರ ಒಂದು ಕಾಲುದಾರಿ ಮೇಲೆ ಅಷ್ಟು ಜನ. ಅದಾದ ಮೇಲೇನೇ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ತಂದಿದ್ದು. ಮೇಲೆ ಆರ್ಡರ್ ಆಯ್ತು, ಬಾಗಿಲಲ್ಲಿ ನಿಂತು ಬೈಸ್ಕೊಳ್ಳೋಕೆ ಮಾತ್ರ ಇವನು. ಎಷ್ಟೋ ಜನ ಐಡಿ ಕಾರ್ಡ್ ತೋರಿಸ್ತಾರೆ, ಮಿನಿಸ್ಟ್ರು ಗೊತ್ತು ಅಂತಾರೆ, ಇನ್ನೂ ಕೆಲವರು ನಿನ್ನ ಕೆಲಸ ತೆಗಿಸ್ತೀನಿ ಅಂತಾರೆ, ಅವನಿಗೆ ಅದಕ್ಕೆ ಒಳಗೊಳಗೇ ನಗು, ಮೇ ತಿಂಗಳಲ್ಲಿ ಹೆಂಗೂ ಹೋಗತ್ತಲ್ಲ ಅಂತ.

ಪ್ರಶ್ನೆ: ಇಳಿದು ಬಂದ ಮೇಲೆ ವಾಚರ್‌ಗೆ 500 ರೂಪಾಯಿ ಕೊಟ್ಟೆ, ತಗೊಳ್ಳಲಿಲ್ಲ. ತಪ್ಪು ಮಾಡಿದ್ನಾ?
(ಹನುಮಂತನಗರದ ಓದುಗರು)

ಉತ್ತರ: ಕೊಡಬೇಡಿ, ನೋಡಿದೋರು ಲಂಚ ಅಂತಾರೆ, ಅವನ ಮುಂದಿನ ವರ್ಷದ ಕೆಲಸಕ್ಕೆ ಕುತ್ತು. ಕೊಡಲೇಬೇಕು ಅನ್ಸಿದ್ರೆ ರೇಂಜ್ ಆಫೀಸಲ್ಲಿ, ಅಂದ್ರೆ ಆ ವಲಯದ ಅರಣ್ಯ ಕಚೇರೀಲಿ, ಕೇಳಿ ಹಣೆಗೆ ಕಟ್ಟೋ ಟಾರ್ಚು, ಒಳ್ಳೇ ನೀರಿನ ಕ್ಯಾನು, ಗಟ್ಟಿ ಶೂ ಕೊಡಿಸಿ. ಶೂ ಆದ್ರೆ ಸೈಜ್ ಕೇಳಿ, ಒಂದ್ಸಲ ಒಂದು ಕಂಪ್ನಿಯವರು ಪುಣ್ಯಾತ್ಮರು ಇಪ್ಪತ್ತು ಜೊತೆ ತಂದ್ರು, ಎಲ್ಲಾ ಹತ್ತನೇ ನಂಬರ್. ಬಿಸ್ಕೆಟ್ ಅಂತೂ ಬೇಡವೇ ಬೇಡ, ಅದರ ಕವರು ಮತ್ತೆ ಅವನೇ ಹೆಕ್ಕಬೇಕು.

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಕಡೆ ಊರು, ನಾನು ಇಲ್ಲಿ ಲಗ್ಗೆರೇಲಿದೀನಿ, ಗಾರ್ಮೆಂಟ್ಸ್ ಕೆಲಸ. ಅಪ್ಪ ಬೆಂಕಿ ಕಾವಲಿಗೆ ಆರೇಳು ವರ್ಷ ಹೋಗಿದ್ರು. ಒಂದು ವರ್ಷದ ಕೂಲಿ ಗೌರಿ ಹಬ್ಬಕ್ಕೆ ಬಂತು, ಇನ್ನೊಂದು ವರ್ಷದ್ದು ಅರ್ಧ ಬರಲೇ ಇಲ್ಲ. ಈಗ ತಮ್ಮನ್ನ ಕರೀತಿದಾರೆ. ಅಮ್ಮಂಗೆ ಮಂಗನ ಕಾಯಿಲೆ ಭಯ. ಕಳಿಸೋದಾ ಬೇಡ್ವಾ?
(ಲಗ್ಗೆರೆಯ ಓದುಗರು)

ಉತ್ತರ: ತಾಯಿ, ನಿನ್ನ ಪತ್ರ ಓದಿ ಎರಡು ದಿನ ಏನೂ ಬರೆಯೋಕಾಗಲಿಲ್ಲ. ಯಾಕಂದ್ರೆ ಆ ಮಸ್ಟರ್ ರೋಲ್, ಅಂದ್ರೆ ಕೂಲಿಯವರ ಹಾಜರಿ ಪಟ್ಟಿ, ಬರೀತಿದ್ದೋರಲ್ಲಿ ನಾನೂ ಒಬ್ಬ. ನಿಮ್ಮ ರೇಂಜ್ ಅಲ್ಲ, ಬೇರೆ, ಆದ್ರೂ ಕಥೆ ಒಂದೇ. ಹಣ ಬಿಡುಗಡೆ ಆಗೋದು ಅದರ ಪಾಡಿಗೆ ಆಗತ್ತೆ, ಹುಲ್ಲು ಒಣಗೋದು ಅದರ ಪಾಡಿಗೆ ಒಣಗತ್ತೆ, ಮಧ್ಯೆ ನಿಮ್ಮಪ್ಪನ ಥರದವರು ಸಾಲ ಮಾಡಿ ಅಕ್ಕಿ ತರ್ತಾರೆ.

ನನ್ನ ಒಂದು ತಪ್ಪು ಹೇಳ್ತೀನಿ. ತೊಂಬತ್ತರ ದಶಕದ ಕೊನೆ. ನಮ್ಮಲ್ಲಿ ಒಬ್ಬ ಹಿರಿಯ ವಾಚರ್ ಇದ್ರು, ಎಲ್ಲರೂ ಅಜ್ಜ ಅಂತಿದ್ರು, ಹನ್ನೊಂದು ಸೀಜನ್ ಅದೇ ಗುಡ್ಡ ಕಾದವರು. ಹಿಂದಿನ ವರ್ಷದ ಕೂಲಿ ಬಾಕಿ ಇತ್ತು. ಆ ವರ್ಷ ಕರೆಯೋಕೆ ಹೋದಾಗ ಅಜ್ಜ ಕಾಫಿ ತೋಟಕ್ಕೆ ಹೋಗಿ ಆಗಿತ್ತು, ಹಣ್ಣು ಕೊಯ್ಯೋ ಕಾಲ, ಅಲ್ಲಿ ವಾರವಾರ ಬಟವಾಡೆ, ಅವರನ್ನ ಯಾವ ಬಾಯಲ್ಲಿ ಬಾ ಅನ್ಲಿ? ಆಚೆ ಊರಿಂದ ಐದು ಹೊಸ ಹುಡುಗರನ್ನ ಹಾಕ್ಕೊಂಡೆ. ಫೈರ್‌ಲೈನ್ ಸುಡೋ ದಿನ ಏಳು ಗಂಟೆಗೆ ಅಂತ ಹೇಳಿದ್ದೆ, ಜೀಪು ಕೆಟ್ಟು ನಾನು ಸೇರಿದ್ದೇ ಹತ್ತಕ್ಕೆ. ಹುಡುಗರು ಮುಖ ಮುಖ ನೋಡಿದ್ರು. ಬಂದಿದ್ದೀವಲ್ಲ, ಮುಗಿಸೋಣ, ಹಚ್ಚಿ ಅಂದೆ. ಆ ಜಾಗದಲ್ಲಿ ಎರಡು ಗುಡ್ಡದ ಮಧ್ಯೆ ಒಂದು ಸಂದು, ಒಂಬತ್ತಾದ ಮೇಲೆ ಗಾಳಿ ಅಲ್ಲಿ ಇದ್ದಕ್ಕಿದ್ದ ಹಾಗೆ ತಿರುಗತ್ತೆ. ಅಜ್ಜಂಗೆ ಅದು ಗೊತ್ತಿತ್ತು. ಅವರಿದ್ದಿದ್ರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಬಿಚ್ಚಿ "ಇವತ್ತು ಆಗಲ್ಲ" ಅಂತಿದ್ರು, ನಾನು ಎಷ್ಟು ಕೂಗಾಡಿದ್ರೂ ಏಳ್ತಿರಲಿಲ್ಲ. ಬೆಂಕಿ ಗೆರೆ ಹಾರಿ ಹೋಯ್ತು. ಎರಡು ದಿನ ಉರೀತು, ಒಂದು ಶೋಲಾದ ಅಂಚು ಪೂರ್ತಿ ಹೋಯ್ತು, ಒಬ್ಬ ಹುಡುಗನ ಅಂಗೈ ಸುಟ್ಟಿತು. ರಿಪೋರ್ಟಲ್ಲಿ "ಅಪರಿಚಿತ ಕಿಡಿಗೇಡಿಗಳು" ಅಂತ ಬರೆದದ್ದು ನನ್ನದೇ ಕೈ.

ಅವತ್ತಿಂದ ನಂಗೆ ಒಂದೇ ಹಟ, ಅದೇ ಗುಡ್ಡಕ್ಕೆ ಅದೇ ಜನ ಬರಬೇಕು. ಪ್ರತಿ ವರ್ಷ ಹೊಸ ಲಿಸ್ಟ್ ಮಾಡಿ ಹೊಸಬರನ್ನ ಹಾಕೋದು ಅಂದ್ರೆ ಪ್ರತಿ ವರ್ಷ ಆ ಗಾಳಿ, ಆ ಸಂದು, ಆ ಒರತೆ ಎಲ್ಲಾ ಸೊನ್ನೆಯಿಂದ ಕಲಿಸಬೇಕು, ಕಲಿಯೋ ಹೊತ್ತಿಗೆ ಮೇ. ಹೋದ ವರ್ಷ ಬಂದವನು ಈ ವರ್ಷ ತಾನಾಗೇ ಬರೋ ಹಾಗೆ ಕೂಲಿ ಆಯಾ ತಿಂಗಳೇ ಕೈಸೇರಬೇಕು, ಅಷ್ಟೇ. ಮೀಟಿಂಗಲ್ಲಿ ಇದನ್ನ ಹೇಳಿ ಹೇಳಿ ನಂಗೆ ಅಜ್ಜ ಅಂತಾನೇ ಹೆಸರು ಬಿತ್ತು.

ಈಗ ತಮ್ಮನ ವಿಷಯ. ಹೋಗ್ಲಿ, ಆದ್ರೆ ಬರಿಗೈಲಿ ಹೋಗೋದು ಬೇಡ. ಮೊದಲು ಯಾರ ಲೆಕ್ಕದಲ್ಲಿ ತಗೋತಿದಾರೆ ಕೇಳಿ, ಇಲಾಖೆ ದಿನಗೂಲಿಯಾ, ಗ್ರಾಮ ಅರಣ್ಯ ಸಮಿತಿ ಮೂಲಕಾನಾ, ಹೊರಗುತ್ತಿಗೆ ಏಜೆನ್ಸೀನಾ. ಏಜೆನ್ಸಿ ಆದ್ರೆ ಪಿಎಫ್, ಇಎಸ್‌ಐ ನಂಬರ್ ಕೇಳಿ ಬರ್ಕೊಳ್ಳಿ, ನಾಚಿಕೆ ಬೇಡ. ಕೂಲಿ ಬ್ಯಾಂಕ್ ಅಕೌಂಟಿಗೇ ಬರಬೇಕು, ಕೈಗೆ ಕೊಡ್ತೀವಿ ಅಂದ್ರೆ ಒಪ್ಪಬೇಡಿ. ಯಾವ್ಯಾವ ದಿನ ಕೆಲಸ ಮಾಡಿದ ಅಂತ ಅವನದೇ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಕೊಳ್ಳಲಿ, ವಾರಕ್ಕೊಂದ್ಸಲ ಗಾರ್ಡ್ ಹತ್ರ ಸೈನ್ ಹಾಕಿಸ್ಲಿ, ಬಾಕಿ ಕೇಳೋ ದಿನ ಅದೇ ಆಧಾರ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಬ್ಯಾಂಕಲ್ಲಿ ಇದೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವಕ್ಕೆ ಏನಾದ್ರೂ ಆದ್ರೆ ಮನೆಯವರಿಗೆ 2 ಲಕ್ಷ, ಅದನ್ನ ನೀವೇ ಮಾಡಿಸಿ, ಇಲಾಖೆ ಮಾಡತ್ತೆ ಅಂತ ಕಾಯಬೇಡಿ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಲ್ಲಿ ಬೆಂಕಿ ಆರಿಸೋಕೆ ಹೋದ ಗಾರ್ಡ್ ಒಬ್ಬರು ತೀರ್ಕೊಂಡ್ರು, ಅವರು ಪರ್ಮನೆಂಟ್ ನೌಕರರು, ಕಷ್ಟ ಅನ್ನೋದು ಪೋಸ್ಟ್ ನೋಡ್ಕೊಂಡು ಬರಲ್ಲ.

ಮಂಗನ ಕಾಯಿಲೆಗೆ ಅಮ್ಮ ಹೆದರೋದು ಸರಿಯಾಗೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಮೊದಲು ಗೊತ್ತಾದ ರೋಗ, ಅದು ಜೋರಾಗೋ ತಿಂಗಳೂ ಬೆಂಕಿ ಸೀಜನ್ನೂ ಒಂದೇ, ಚಳಿಗಾಲದಿಂದ ಮಳೆ ಬರೋವರೆಗೆ. ಹರಡೋದು ಉಣುಗಿಂದ. ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡ್ತಾರೆ, ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಹಚ್ಕೋಬೇಕು, ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ತರಗಿನ ಮೇಲೆ ಹಾಗೇ ಮಲಗಬಾರದು. ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಎಲ್ಲಾದ್ರೂ ಸತ್ತ ಮಂಗ ಕಂಡ್ರೆ ಮುಟ್ಟಬಾರದು, ತಿಳಿಸಬೇಕು. ಜ್ವರ, ಸೊಂಟ ಕಾಲು ವಿಪರೀತ ನೋವು ಬಂದ್ರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗೋ ಪೌರುಷ ಬೇಡ, ಅವತ್ತೇ ಸರ್ಕಾರಿ ಆಸ್ಪತ್ರೆ, ಕಾಡಲ್ಲಿ ಇದ್ದೆ ಅಂತ ಡಾಕ್ಟರ್‌ಗೆ ಬಾಯಿ ಬಿಟ್ಟು ಹೇಳ್ಲಿ.

ಮತ್ತೆ ಅಪ್ಪನ್ನ ಒಂದು ದಿನ ಅವನ ಜೊತೆ ಗುಡ್ಡಕ್ಕೆ ಕಳಿಸು. ನಡೆಯೋಕಾಗದಿದ್ರೆ ಬುಡದಲ್ಲಿ ನಿಂತೇ ಬೆರಳು ತೋರಿಸಿ ಹೇಳ್ಲಿ.

ಪ್ರಶ್ನೆ: ಡಿಗ್ರಿ ಕೊನೇ ಸೆಮಿಸ್ಟರ್. ಮೂರು ತಿಂಗಳು ಬೆಟ್ಟದಲ್ಲಿ ವಾಚರ್ ಆಗಿ ಕೆಲಸ ಮಾಡೋ ಆಸೆ. ಇನ್‌ಸ್ಟಾಗ್ರಾಮಲ್ಲಿ ಒಬ್ರು ರಿಜಿಸ್ಟ್ರೇಷನ್ ಫೀ ಕಟ್ಟಿದ್ರೆ ಕೊಡಿಸ್ತೀನಿ ಅಂತಿದಾರೆ.
(ಯಲಹಂಕದ ಓದುಗ)

ಉತ್ತರ: ಕಟ್ಟಬೇಡ ಕಣಪ್ಪಾ. ಈ ಕೆಲಸಕ್ಕೆ ಫೀ ಇಲ್ಲ, ಏಜೆಂಟ್ ಇಲ್ಲ. ಸುತ್ತಲ ಊರಿನವರನ್ನೇ ತಗೋತಾರೆ, ತಗೋಬೇಕಾದ್ದೂ ಅವರನ್ನೇ, ಅವರಿಗೆ ಕಾಡು ಗೊತ್ತು, ಅವರ ಮನೇಲಿ ಕೂಲಿ ದುಡ್ಡಿಗೆ ಕಾಯೋರಿದಾರೆ. ನೀನು ಹೋದ್ರೆ ಒಬ್ಬರ ಮೂರು ತಿಂಗಳ ಅನ್ನ ಕಮ್ಮಿ ಆಗತ್ತೆ. ಜೀವನಪೂರ್ತಿ ಇದೇ ಬೇಕು ಅಂದ್ರೆ ಇಲಾಖೆ ನೇಮಕಾತಿಗೆ ಕಾಯಿ, ಅರಣ್ಯ ವೀಕ್ಷಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಗಸ್ತು ಅರಣ್ಯ ಪಾಲಕನಿಗೆ ಪಿಯುಸಿ, ಜೊತೆಗೆ ಓಟ, ಜಿಗಿತ ಎಲ್ಲಾ ಇರತ್ತೆ, ಈಗಿಂದಾನೇ ಓಡೋಕೆ ಶುರು ಮಾಡು.

ಸುಮ್ನೆ ಉಪಯೋಗಕ್ಕೆ ಬರಬೇಕು ಅಂದ್ರೆ ಅಷ್ಟು ದೂರ ಯಾಕೆ? ನಂದಿ ಬೆಟ್ಟ, ಮಾಕಳಿದುರ್ಗ, ಸಾವನದುರ್ಗ, ಶಿವಗಂಗೆ ಇಲ್ಲೇ ಇದಾವೆ, ಫೆಬ್ರವರಿಯಲ್ಲಿ ಇಲ್ಲಿನ ಹುಲ್ಲೂ ಕಡ್ಡಿಪೆಟ್ಟಿಗೆ ಥರಾನೇ. ಹೊಗೆ ಕಂಡ್ರೆ ವಿಡಿಯೋ ಮಾಡೋ ಮುಂಚೆ 1926ಕ್ಕೆ ಫೋನ್ ಮಾಡು, ಅದು ಅರಣ್ಯ ಸಹಾಯವಾಣಿ, ಸಿಗದಿದ್ರೆ 112. ಯಾವ ಬೆಟ್ಟ, ಯಾವ ಕಡೆ ಮುಖ, ರಸ್ತೆಯಿಂದ ಎಷ್ಟು ದೂರ, ಈ ಮೂರು ಹೇಳಿದ್ರೆ ಸಾಕು. ನೀನೇ ನುಗ್ಗಿ ಆರಿಸೋಕೆ ಹೋಗಬೇಡ.

ಪ್ರಶ್ನೆ: ತಾತ, ನಾನು ಏಳನೇ ಕ್ಲಾಸ್. ಮಳೆಗಾಲದಲ್ಲಿ ಬೆಂಕಿ ಬೀಳಲ್ಲ ಅಲ್ವಾ, ಆಗ ಬೆಂಕಿ ಕಾಯೋ ಅಂಕಲ್‌ಗಳು ಏನ್ ಮಾಡ್ತಾರೆ? ಫೈರ್‌ಲೈನ್ ಏನಾಗತ್ತೆ?
(ಬಸವನಗುಡಿಯ ಪುಟ್ಟ ಓದುಗಿ)

ಉತ್ತರ: ಪುಟ್ಟಾ, ನಿನ್ನ ಎರಡನೇ ಪ್ರಶ್ನೆ ಇಲ್ಲಿವರೆಗೂ ಯಾರೂ ಕೇಳಿರಲಿಲ್ಲ.

ಅಂಕಲ್‌ಗಳು ಊರಿಗೆ ಹೋಗಿ ಗದ್ದೆ ನಾಟಿ ಮಾಡ್ತಾರೆ, ಅಡಿಕೆ ಮರಕ್ಕೆ ಔಷಧಿ ಹೊಡೆಯೋಕೆ ಹೋಗ್ತಾರೆ, ಕಾಫಿ ತೋಟದಲ್ಲಿ ಕೆಲಸ ಮಾಡ್ತಾರೆ. ಕೆಲವರನ್ನ ಗಿಡ ನೆಡೋಕೆ, ಲಂಟಾನ ಕೀಳೋಕೆ ಇಲಾಖೆಯವರೇ ಕರೀತಾರೆ. ಇನ್ನು ಕೆಲವರು ಕ್ಯಾಂಪಲ್ಲೇ ಉಳಿದು ಗಸ್ತು ತಿರುಗ್ತಾರೆ, ಆಗ ಅವರ ಕಾಲಿಗೆಲ್ಲ ಇಂಬಳ, ಹೊಗೆಸೊಪ್ಪು ಸುಣ್ಣ ಸವರ್ಕೊಂಡು ಓಡಾಡ್ತಾರೆ. ರಾತ್ರಿ ಗಂಜಿ, ಸುಟ್ಟ ಒಣಮೆಣಸಿನ ಚಟ್ನಿ. ಬೆಂಕಿ ಕಾಯೋರು ಬೆಂಕಿ ಹಚ್ಚೋಕೆ ಒದ್ದಾಡೋದನ್ನ ನೋಡಬೇಕು ನೀನು, ಜುಲೈ ಮಳೇಲಿ ಸೌದೆಯೆಲ್ಲ ಒದ್ದೆ, ಅರ್ಧ ಗಂಟೆ ಊದ್ತಾರೆ.

ಫೈರ್‌ಲೈನ್ ಏನಾಗತ್ತೆ ಅಂದ್ರೆ, ಮೊದಲ ಮಳೆ ಬಿದ್ದು ವಾರ ಹತ್ತು ದಿನಕ್ಕೆ ಉಳಿದ ಗುಡ್ಡ ಇನ್ನೂ ಒಣ ಹುಲ್ಲಿನ ಬಣ್ಣದಲ್ಲೇ ಇರತ್ತೆ, ಆ ಕರೀ ಗೆರೆ ಇದ್ದ ಕಡೆ ಮಾತ್ರ ಎಳೇ ಹಸಿರು, ಯಾರೋ ಗುಡ್ಡದ ಮೇಲೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದ ಹಾಗೆ. ಚಿಗುರು ಮೇಯೋಕೆ ಕಾಟಿ, ಕಡವೆ ಎಲ್ಲಾ ಅಲ್ಲಿಗೇ ಬರ್ತಾವೆ. ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಆ ಕಡೆ ಹೋದ್ರೆ ಬೆಳಗ್ಗೆ ಬೇಗ ಎದ್ದು ಬಸ್ಸಿನ ಕಿಟಕಿಯಿಂದ ನೋಡ್ತಿರು, ರಸ್ತೆಗೇ ಕಾಣತ್ತೆ.